ತಮ್ಮನ ಗಾಡಿಯ ಮುಂದಿನ ಬ್ರೇಕ್

ಖಂಡೇನವಮಿಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ನನ್ನ ಗ್ಯಾರೇಜಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪುಣೆಯ ಯೆರವಡಾದ ನಮ್ಮ ಓಣಿಯವರಿಗೆಲ್ಲ ಪೂಜೆಗೆ ಮೊದಲು ಗಾಡಿ ತೊಳೆದು ಕೊಡಬೇಕು. ವರ್ಷವಿಡೀ ಮುಂದೂಡಿದ ರಿಪೇರಿಯೂ ಅಂದೇ ಆಗಬೇಕು. ಆ ದಿನವೂ ಹಾಗೆಯೇ ಇತ್ತು. ಊಟದ ಬಿಡುವಿನಲ್ಲಿ ತಮ್ಮ ತನ್ನ ಬೈಕಿನಲ್ಲಿ ಬಂದ. ಅವನು ವಿಮಾನ ನಗರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ.

"ಅಣ್ಣಾ, ಮುಂದಿನ ಗಾಲಿ ಗುಂಯ್ ಅಂತದ. ಮೊದಲ ನಂದು ನೋಡು."

"ಪಾಳಿ ಹಚ್ಚು."

"ಒಂದ ಹೊಟ್ಟ್ಯಾಗ ಹುಟ್ಟಿದಾಂವ ಪಾಳಿ ಹಚ್ಚಬೇಕೇನು?"

"ಹುಟ್ಟೂಮುಂದನೂ ನನ್ನ ಹಿಂದನ ಬಂದೀಯಲಾ."

ಕೂತಿದ್ದ ಗಿರಾಕಿಗಳಿಗೆ ಕನ್ನಡ ಬರದಿದ್ದರೂ ಅವನು ನಕ್ಕದ್ದನ್ನು ನೋಡಿ ಅವರೂ ನಕ್ಕರು. ಕೊನೆಗೆ ಅವನ ಗಾಡಿಯನ್ನೇ ಮೊದಲು ತೆಗೆದುಕೊಂಡೆ. ಮುಂದಿನ ಗಾಲಿಯ ಬೇರಿಂಗು ಸವೆದಿತ್ತು. ಗಾಲಿ ಬಿಚ್ಚಿ, ಹಳೆಯದನ್ನು ಹೊಡೆದು ತೆಗೆದು, ಹೊಸದನ್ನು ಕೂರಿಸಿದೆ. ಗಾಲಿಯ ಪಕ್ಕದಲ್ಲಿ ತಟ್ಟೆಯಂತೆ ಹೊಳೆಯುವ ಉಕ್ಕಿನ ಡಿಸ್ಕ್ ಇರುತ್ತದಲ್ಲ, ಬ್ರೇಕ್ ಒತ್ತಿದಾಗ ಎರಡು ಪ್ಯಾಡುಗಳು ಎರಡೂ ಕಡೆಯಿಂದ ಅದನ್ನೇ ಕಚ್ಚಿ ಹಿಡಿಯುವುದು. ಬೇರಿಂಗಿನ ಗ್ರೀಸು ಡಿಸ್ಕಿಗೆ ತಾಗಬಾರದು ಎಂದು ಕೊನೆಗೆ ಸ್ಪ್ರೇ ಹೊಡೆದು ಒಣಬಟ್ಟೆಯಿಂದ ಒರೆಸಿದೆ. ಗಾಲಿ ಹಾಕಿದ ಮೇಲೆ ಹ್ಯಾಂಡಲಿನ ಬ್ರೇಕ್ ಲಿವರನ್ನು ಹಲವು ಸಲ ಒತ್ತಿ ಗಟ್ಟಿಯಾಗುವುದನ್ನು ನೋಡಿದೆ. ಗಾಲಿ ಬಿಚ್ಚಿದಾಗ ಪ್ಯಾಡುಗಳು ಹಿಂದೆ ಸರಿದಿರುತ್ತವೆ. ಒತ್ತದೆ ಕೊಟ್ಟರೆ ಗಿರಾಕಿಯ ಮೊದಲ ಬ್ರೇಕು ಗಾಳಿಗೆ ಹೋಗುತ್ತದೆ. ಒಂದು ಸುತ್ತು ಓಡಿಸಿಯೂ ನೋಡಿದೆ. ಬ್ರೇಕು ಚೆನ್ನಾಗಿ ಹಿಡಿಯುತ್ತಿತ್ತು.

"ನಾಳೆ ಅವ್ವ ಹೋಳಗಿ ಮಾಡ್ತಾಳ. ನಿನ್ನ ಹತ್ಯಾರದ ಪೂಜಿ ಲಗೂನ ಮುಗಿಸಿ ಬಾ," ಎಂದು ಹೇಳಿ ಅವನು ಹೋದ.

ಮರುದಿನ ನಾನು ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಪಾನೆಗಳನ್ನು ಸಾಲಾಗಿ ಜೋಡಿಸಿ ಕುಂಕುಮ ಹಚ್ಚುತ್ತಿದ್ದಾಗ ಫೋನ್ ಬಂತು. ಮನೆಯಲ್ಲಿ ಪೂಜೆ ಮುಗಿಸಿ, ಹೂವಿನ ಹಾರ ಹಾಕಿದ ಗಾಡಿಯಲ್ಲೇ ತಮ್ಮ ತನ್ನ ಹೆಂಡತಿಯನ್ನು ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಟಿದ್ದ. ವಿಮಾನ ನಗರದ ಕಡೆಯ ಇಳಿಜಾರಿನಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು. ಗಾಡಿ ಅದರ ಹಿಂಭಾಗಕ್ಕೆ ಹೋಗಿ ಹೊಡೆಯಿತು. ಅವಳು ಪಕ್ಕಕ್ಕೆ ಬಿದ್ದು ಕೈ ಮುರಿದುಕೊಂಡಳು. ಅವನು ಆಸ್ಪತ್ರೆ ಮುಟ್ಟಲಿಲ್ಲ.

ಗಾಡಿಯನ್ನು ಪೊಲೀಸರು ತೆಗೆದುಕೊಂಡು ಹೋದರು. ಪರೀಕ್ಷೆಗೆ ಬಂದವರು ಲಿವರ್ ಒತ್ತಿ ನೋಡಿ ಬ್ರೇಕ್ ಸರಿ ಇದೆ ಎಂದು ಬರೆದರು. ಮುಂದಿನ ಗಾಲಿ ಡೊಂಕಾಗಿ ಸಿಕ್ಕಿಹಾಕಿಕೊಂಡಿತ್ತು. ಅದನ್ನು ತಿರುಗಿಸಿ ನೋಡುವಂತಿರಲಿಲ್ಲ. ಆದರೆ ತಮ್ಮನ ಹೆಂಡತಿ ಅವನ ಕೊನೆಯ ಮಾತು ಕೇಳಿದ್ದಳು. ಟ್ಯಾಂಕರ್ ಕಂಡಾಗ ಅವನು, "ಹಿಡೀವಲ್ದು" ಎಂದಿದ್ದನಂತೆ, ಬ್ರೇಕ್ ಹಿಡಿಯುತ್ತಿಲ್ಲ ಎಂದು. ಅಷ್ಟೇ. ಅವಳು ಅದನ್ನು ಆಸ್ಪತ್ರೆಯಲ್ಲಿ ಹೇಳಿದಳು, ಅವನನ್ನು ಮಣ್ಣು ಮಾಡಿದ ದಿನ ಹೇಳಿದಳು, ನನ್ನ ಮುಖ ನೋಡುತ್ತಲೇ ಹೇಳಿದಳು.

ಅವ್ವ ಮೊದಲಿನಿಂದಲೂ ಅದೇ ಓಣಿಯ ತಮ್ಮನ ಮನೆಯಲ್ಲಿ ಇದ್ದವಳು. ಅವಳು ಪೊಲೀಸರ ಕಾಗದವನ್ನು ನಂಬಿದಳು. ದಿವಸದ ಕರ್ಮ ಮುಗಿದ ಮೇಲೆ, ಬಂದವರು ಇನ್ನೂ ಚಾಪೆಯ ಮೇಲೆ ಕೂತಿರುವಾಗಲೇ, ಸೊಸೆಗೆ ಕೇಳುವಂತೆ ಅಂದಳು:

"ಗಾಡಿ ಛಲೋ ಇತ್ತಂತ. ಓಡಸಾಂವ ಛಲೋ ಇದ್ದ. ಕೆಟ್ಟದ್ದು ಹಿಂದ ಕುಂತಿತ್ತು."

ನಾನೂ ಅಲ್ಲೇ ಕೂತಿದ್ದೆ, ಅವ್ವನನ್ನು ತಡೆಯಲಿಲ್ಲ. ಸೊಸೆ ಪ್ಲಾಸ್ಟರ್ ಹಾಕಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದಳು. ದೀಪಾವಳಿಯ ಒಳಗೆ ತವರಿಗೆ ಹೋಗು ಎಂದು ಅವ್ವ ಅವಳಿಗೆ ಹೇಳಿಬಿಟ್ಟಿದ್ದಳು. ತವರಿನಲ್ಲಿ ಅವಳಿಗೆ ಇದ್ದದ್ದು ಒಬ್ಬ ಮಲತಾಯಿ. ಅದು ಅವ್ವನಿಗೂ ಗೊತ್ತಿತ್ತು.

ಪೊಲೀಸರು ಗಾಡಿ ಬಿಟ್ಟ ದಿನ ತಮ್ಮನ ಹೆಂಡತಿಯೇ ಟೆಂಪೋದಲ್ಲಿ ಅದನ್ನು ಹೇರಿಸಿಕೊಂಡು ಗ್ಯಾರೇಜಿಗೆ ಬಂದಳು.

"ಬಾವಾರ, ಇದಕ್ಕ ಕಡೀಗೆ ಕೈ ಹಚ್ಚಿದವ್ರು ನೀವು. ನೀವ ಬಿಚ್ಚ್ರಿ. ನನ್ನ ಮುಂದ ಬಿಚ್ಚ್ರಿ. ಯಾಕ ಹಿಡೀಲಿಲ್ಲ ಅಂತ ನನಗ ತೋರಸ್ರಿ."

"ಮನ್ಯಾಗ ಕೂಡವಾ. ನಾ ನೋಡಿ ಹೇಳ್ತೀನಿ."

"ಹೇಳೂದು ಬ್ಯಾಡ್ರಿ. ತೋರಸ್ರಿ. ನಿಮ್ಮದರ ತಪ್ಪು ಇರಬೇಕು, ಇಲ್ಲಾ ನಿಮ್ಮವ್ವ ಅಂದಂಗ ನನ್ನ ಕಾಲ್ಗುಣದ್ದರ ಇರಬೇಕು. ಎರಡರಾಗ ಒಂದು ಗೊತ್ತಾಗ್ಲಿ. ಆಮ್ಯಾಲ ಹೋಗ್ತೀನಿ."

ಗಿರಾಕಿಗಳ ಪ್ಲಾಸ್ಟಿಕ್ ಸ್ಟೂಲನ್ನು ಎಳೆದುಕೊಂಡು ಕೂತಳು. ಆಮೇಲೆ ಪ್ರತಿ ಮಧ್ಯಾಹ್ನ ಬಂದು ಅಲ್ಲೇ ಕೂರುತ್ತಿದ್ದಳು.

ಕೆಲಸ ನಿಧಾನವಾಗಿ ಸಾಗಿತು. ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕ್ ಬಾಗಿತ್ತು, ಗಾಲಿಯ ರಿಮ್ಮು ಕೆಟ್ಟಿತ್ತು. ಎರಡನ್ನೂ ಹಳೆ ಸಾಮಾನಿನ ಬಜಾರಿನಿಂದ ತಂದು ಹಾಕಿದೆ. ಆದರೆ ಡಿಸ್ಕ್, ಪ್ಯಾಡ್, ಅವುಗಳನ್ನು ಒತ್ತುವ ಕ್ಯಾಲಿಪರ್, ಬ್ರೇಕ್ ಆಯಿಲಿನ ಪೈಪು, ಇವನ್ನೆಲ್ಲ ಮೊದಲಿದ್ದದ್ದೇ ಇಟ್ಟೆ. ಹೊಸದನ್ನು ಹಾಕಿದ್ದರೆ ಗಾಡಿ ಒಂದೇ ದಿನದಲ್ಲಿ ಸಿದ್ಧವಾಗುತ್ತಿತ್ತು. ಆದರೆ ಅವಳು ಕೇಳಿದ್ದು ಅದನ್ನಲ್ಲ.

ಡಿಸ್ಕನ್ನು ಹಿಡಿಯುವಾಗ ನಾನು ಕೈಗವಸು ಹಾಕಿದೆ.

"ಅವತ್ತೂ ಹಾಕ್ಕೊಂಡಿದ್ರೇನ್ರಿ?" ಎಂದಳು.

"ಹೌದವಾ."

"ನಾ ನೋಡಿಲ್ಲಲ್ರಿ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಕೆಲಸ ಸುಲಭವಾಗುತ್ತಿತ್ತು.

ಓಣಿಯಲ್ಲಿ ಸುದ್ದಿ ಹರಡಿತ್ತು. ಹಳೆಯ ಗಿರಾಕಿಯೊಬ್ಬ ತನ್ನ ಸ್ಕೂಟರನ್ನು ಅರ್ಧ ಕೆಲಸದಲ್ಲೇ ವಾಪಸ್ ಕೇಳಿದ. ಯಾಕೆ ಎಂದರೆ, "ಅಣ್ಣಾ, ಸಖ್ಖ್ಯಾ ಭಾವಾಚಾ ಬ್ರೇಕ್ ಲಾಗಲಾ ನಾಹೀ, ಮಾಝಾ ಕಾಯ್ ಲಾಗಣಾರ?" ಎಂದು ನಕ್ಕ. ಸ್ವಂತ ತಮ್ಮನ ಬ್ರೇಕೇ ಹಿಡಿಯಲಿಲ್ಲ, ನನ್ನದೇನು ಹಿಡಿದೀತು ಎಂದು. ಅವಳಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಅವಳು ಅವನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಸ್ಕೂಟರ್ ಹೋಗಲು ದಾರಿಯಾಗಲೆಂದು ಸ್ಟೂಲು ಸರಿಸಿದಳು.

ಗಾಡಿ ಗಾಲಿಯ ಮೇಲೆ ನಿಂತಾಗ ಮೊದಲು ಲಿವರ್ ಒತ್ತಿದೆ. ಕಲ್ಲಿನಂತೆ ಗಟ್ಟಿ ಇತ್ತು. ಪರೀಕ್ಷೆಯವರು ಬರೆದದ್ದು ಸುಳ್ಳಲ್ಲ. ಗ್ಯಾರೇಜಿನ ಬಾಗಿಲಲ್ಲಿ ರಸ್ತೆಗೆ ಇಳಿಯುವ ಸಿಮೆಂಟಿನ ಇಳಿಜಾರಿದೆ. ಗಾಡಿಯನ್ನು ಅದರ ಮೇಲೆ ನಿಲ್ಲಿಸಿ, ಹತ್ತಿ ಕೂತು, ಮುಂದಿನ ಬ್ರೇಕನ್ನು ಮಾತ್ರ ಪೂರ್ತಿ ಒತ್ತಿ ಕಾಲು ಎತ್ತಿದೆ. ಲಿವರ್ ಕೈಗೆ ಗಟ್ಟಿಯಾಗಿಯೇ ಇತ್ತು. ಗಾಡಿ ಸದ್ದಿಲ್ಲದೆ ಕೆಳಗೆ ಜಾರಿತು.

ಅವಳು ಎದ್ದು ನಿಂತಳು.

"ಹೇಳ್ರಿ ಮತ್ತ, ಟ್ಯಾಂಕರ್ ಕಂಡಾಗ ಏನಂದ್ರು ಅವ್ರು?"

ನಾನು ಗಾಡಿಯಿಂದ ಇಳಿದು ಸ್ಟ್ಯಾಂಡ್ ಹಾಕಿದೆ. ಅವಳೇ ಅಂದಳು, "ಹಿಡೀವಲ್ದು."

ಅಲ್ಲಿಂದ ನನ್ನ ಹುಡುಕಾಟ ಶುರುವಾಯಿತು. ಪೈಪಿನಲ್ಲಿ ಗಾಳಿ ಸೇರಿದೆಯೇ ಎಂದು ಬ್ರೇಕ್ ಆಯಿಲನ್ನು ಪೂರ್ತಿ ಹೊರಹಾಕಿ ಹೊಸದನ್ನು ತುಂಬಿದೆ. ಒಂದು ಗುಳ್ಳೆಯೂ ಬರಲಿಲ್ಲ. ಕ್ಯಾಲಿಪರಿನ ಪಿಸ್ಟನ್ ಸಿಕ್ಕಿಕೊಂಡಿದೆಯೇ ಎಂದು ಬಿಚ್ಚಿದೆ. ಸರಾಗವಾಗಿ ಓಡಾಡುತ್ತಿತ್ತು. ಡಿಸ್ಕ್ ಡೊಂಕಾಗಿದೆಯೇ ಎಂದು ಪಕ್ಕದಲ್ಲಿ ತಂತಿ ಕಟ್ಟಿ ಗಾಲಿ ತಿರುಗಿಸಿದೆ. ಅದೂ ಸರಿ ಇತ್ತು. ಉಳಿದದ್ದು ಒಂದೇ, ಡಿಸ್ಕಿಗೂ ಪ್ಯಾಡಿಗೂ ನಡುವೆ ಏನೋ ಸೇರಿದೆ. ಹಾಗಾದರೆ ಅದು ನನ್ನ ಬೇರಿಂಗಿನ ಗ್ರೀಸೇ ಇರಬೇಕು. ಆ ದಿನ ನಾನು ಊಟ ಮಾಡಲಿಲ್ಲ.

ಡಿಸ್ಕಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಅವುಗಳಲ್ಲಿ ಕೆಂಪಗೆ ಏನೋ ಮೆತ್ತಿಕೊಂಡಿತ್ತು. ಕುಂಕುಮ. ಖಂಡೇನವಮಿಯ ಮರುದಿನ ನೋಡಿದರೆ ಪುಣೆಯ ಎಲ್ಲ ಗಾಡಿಗಳಲ್ಲೂ ಇರುವುದೇ. ಕಡ್ಡಿಯಿಂದ ಕೆರೆದು ತೆಗೆದೆ, ಸ್ಪ್ರೇ ಹೊಡೆದು ಒರೆಸಿದೆ. ಪ್ಯಾಡುಗಳನ್ನು ಉಸುಕು ಕಾಗದದ ಮೇಲೆ ತಿಕ್ಕಿ ಹೊಸ ಮೈ ತಂದೆ. ಮತ್ತೆ ಇಳಿಜಾರಿನಲ್ಲಿ ನಿಲ್ಲಿಸಿದರೆ ಗಾಡಿ ಹಿಡಿದು ನಿಂತಿತು.

"ಆತೇನ್ರಿ?" ಎಂದಳು.

"ಓಡಿಸಿ ನೋಡಬೇಕು."

ಯೆರವಡಾ ಜೈಲಿನ ಹಿಂದಿನ ಖಾಲಿ ರಸ್ತೆಗೆ ಒಯ್ದೆ. ಮೊದಲ ಕೆಲವು ಬ್ರೇಕುಗಳು ಚೆನ್ನಾಗಿದ್ದವು. ಡಿಸ್ಕ್ ಬಿಸಿಯಾದಂತೆ ಹಿಡಿತ ಸಡಿಲವಾಯಿತು. ಕೊನೆಗೆ ಹಿಂದಿನ ಬ್ರೇಕನ್ನು ಬಲವಾಗಿ ತುಳಿದು ಗೋಡೆಯ ಪಕ್ಕ ನಿಲ್ಲಿಸಬೇಕಾಯಿತು. ಇಳಿಜಾರಿನಲ್ಲಿ, ಇಬ್ಬರು ಕೂತ ಗಾಡಿಗೆ ಆ ಒಂದು ಬ್ರೇಕ್ ಸಾಲುವುದಿಲ್ಲ. ವಾಪಸ್ ಬಂದು ಬಿಚ್ಚಿದರೆ, ತಿಕ್ಕಿ ಒಣಗಿಸಿದ್ದ ಪ್ಯಾಡಿನ ಮೈ ಮತ್ತೆ ಜಿಡ್ಡಾಗಿತ್ತು. ಪ್ಯಾಡು ಒಳಗಿನವರೆಗೂ ಜಿಡ್ಡು ಕುಡಿದಿತ್ತು. ಬಿಸಿ ತಾಗಿದಾಗ ಕುಡಿದದ್ದನ್ನು ಹೊರಗೆ ಬಿಡುತ್ತಿತ್ತು. ಉಕ್ಕಿನ ಡಿಸ್ಕನ್ನು ತೊಳೆಯಬಹುದು, ಪ್ಯಾಡನ್ನು ತೊಳೆಯಲು ಬರುವುದಿಲ್ಲ. ಜಿಡ್ಡು ಕುಡಿದ ಪ್ಯಾಡನ್ನು ಬಿಸಾಡಲೇಬೇಕು. ಹತ್ತು ಜನಕ್ಕೆ ಇದನ್ನು ಹೇಳಿರುವ ನಾನು, ಆ ಹೊತ್ತು ಬಿಸಾಡದೆ ಚಿಮಟದಲ್ಲಿ ಹಿಡಿದು ಚಹಾದ ಸ್ಟೋವಿನ ಮೇಲೆ ಇಟ್ಟೆ. ಗ್ರೀಸು ಸುಟ್ಟರೆ ಯಾವ ವಾಸನೆ ಬರುತ್ತದೆ ಎಂದು ನನಗೆ ಗೊತ್ತು. ಅದು ಬರಲೆಂದು ಮೂಗು ಒಡ್ಡಿ ನಿಂತೆ.

ಬಂದದ್ದು ಕುಸುಬಿ ಎಣ್ಣೆಯ ವಾಸನೆ.

ಇಂಡಿ ತಾಲೂಕಿನ ನಮ್ಮ ಊರಿನ ಗಾಣದಿಂದ ಅವ್ವ ವರ್ಷಕ್ಕೊಮ್ಮೆ ಡಬ್ಬಿ ತರಿಸುತ್ತಿದ್ದಳು. ಈ ಓಣಿಯಲ್ಲಿ ಬೇರೆ ಯಾರ ಮನೆಯಲ್ಲೂ ಆ ಎಣ್ಣೆ ಇರಲಿಲ್ಲ. ಆ ವಾಸನೆ ಬಂದರೆ ನನಗೆ ಚಟ್ನಿಪುಡಿ, ರೊಟ್ಟಿ, ತಮ್ಮನ ಜೊತೆ ಒಂದೇ ತಾಟಿನಲ್ಲಿ ಉಂಡದ್ದು ನೆನಪಾಗುತ್ತದೆ. ಈಗ ಅದು ಬ್ರೇಕ್ ಪ್ಯಾಡಿನಿಂದ ಬರುತ್ತಿತ್ತು. ಹೊಲದ ಮನೆಯವರು ಖಂಡೇನವಮಿಗೆ ಕುಡುಗೋಲು, ಕೊಡಲಿ, ಈಳಿಗೆ ಎಲ್ಲಕ್ಕೂ ಎಣ್ಣೆ ಸವರಿಯೇ ಕುಂಕುಮ ಇಡುತ್ತಾರೆ. ಗಾಲಿಯಲ್ಲಿ ಬಣ್ಣ ಹೊಡೆಯದೆ ಬರಿಯ ಕಬ್ಬಿಣವಾಗಿ ಹೊಳೆಯುವುದು ಡಿಸ್ಕ್ ಒಂದೇ.

ಆ ಕ್ಷಣ ನನಗೆ ಸಂತೋಷವಾಯಿತು. ತಪ್ಪು ನನ್ನ ಕೈಯದ್ದಲ್ಲ ಎಂಬ ಸಂತೋಷ. ತಮ್ಮ ಸತ್ತ ಮೇಲೆ ಮೊದಲ ಸಲ ಎದೆ ಹಗುರಾಯಿತು. ಹಗುರಾದದ್ದು ಯಾರ ತಲೆಯ ಮೇಲೆ ಭಾರ ಇಳಿಸಿ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಸ್ಟೂಲಿನಿಂದ ಅವಳು ಕೇಳಿದಳು, "ಏನಾತ್ರಿ ಬಾವಾರ?"

ಅಲ್ಲಿ ಒಂದು ಸುಳ್ಳು ಸಿದ್ಧವಾಗಿತ್ತು. ಬೇರಿಂಗಿನ ಗ್ರೀಸು ತಾಗಿತ್ತವಾ, ನನ್ನ ತಪ್ಪು ಎಂದುಬಿಟ್ಟರೆ ಅವಳ ಕಾಲ್ಗುಣದ ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಮಗನನ್ನು ಕಳೆದುಕೊಂಡ ಅವ್ವನಿಗೆ ಈ ಎಣ್ಣೆಯ ವಿಷಯ ಎಂದೂ ಗೊತ್ತಾಗುತ್ತಿರಲಿಲ್ಲ. ಹೋಗುತ್ತಿದ್ದದ್ದು ನನ್ನ ಗ್ಯಾರೇಜು ಒಂದೇ. ಅದೂ ಅರ್ಧ ಹೋಗಿಯೇ ಇತ್ತು. ಬಾಯಿಯವರೆಗೆ ಬಂತು. ಆದರೆ ಆಗತಾನೆ ಇಳಿದ ಭಾರವನ್ನು ಮತ್ತೆ ಎತ್ತಿಕೊಳ್ಳಲು ನನ್ನಿಂದ ಆಗಲಿಲ್ಲ. ಅಷ್ಟು ದೊಡ್ಡ ಮನುಷ್ಯ ನಾನಲ್ಲ.

ಚಿಮಟವನ್ನು ಅವಳ ಮುಂದೆ ಹಿಡಿದೆ. ಅವಳು ಒಮ್ಮೆ ಮೂಸಿದಳು. ಅವಳಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ.

"ವಾಟಿಗ್ಯಾಗ ಎಣ್ಣಿ ತಗೊಂಡು ಅತ್ತಿ ಗಾಲಿ ಮುಂದ ಕುಂತಿದ್ರು," ಎಂದಳು. "ಸೆರಗಿನ ತುದೀಲೆ ತಿಕ್ಕಿ ತಿಕ್ಕಿ ಹಚ್ಚಿದ್ರು. ನಿಮ್ಮ ತಮ್ಮ ಅಂದ್ರು, ಅವ್ವಾ, ಸಾಕು ಬಿಡ, ಮಾರಿ ಕಾಣ್ಸಾಕತ್ತದ ಅದರಾಗ ಅಂತ." ಆಮೇಲೆ ಕೈ ಚಾಚಿದಳು. "ಕೊಡ್ರಿ ಇದನ್ನ. ಅಕಿ ತಾಟಿಗೆ ಹಾಕ್ತೀನಿ."

"ಬ್ಯಾಡವಾ. ನಾ ಹೇಳ್ತೀನಿ."

"ಅಕಿ ನನಗ ಕೆಟ್ಟದ್ದು ಅಂತ ಹೇಳೂಮುಂದ ನೀವು ಅಲ್ಲೇ ಕುಂತಿದ್ರಿ. ಬಾಯಾಗ ಏನಿತ್ತು?"

ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡು ತಮ್ಮನ ಮನೆಗೆ ಹೊರಟೆ. ಅವಳು ಹಿಂದೆಯೇ ಬಂದಳು.

ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಎದುರಿಗೆ ಕೂತೆ. ಸೊಸೆ ಬಾಗಿಲಲ್ಲಿ ನಿಂತಳು.

"ಅವ್ವಾ, ಖಂಡೇನವಮಿ ದಿನ ಗಾಡಿಗೆ ಎಣ್ಣಿ ಹಚ್ಚಿದ್ದೇನು?"

"ಹಚ್ಚದ ಮತ್ತ? ಎಣ್ಣಿ ಇಲ್ಲದ ಕಬ್ಬಣದ ಪೂಜಿ ಎಲ್ಲ್ಯರ ಆಗ್ತದೇನು? ಈಳಿಗಿಗೆ ಹಚ್ಚೀನಿ, ಅಂವನ ಗಾಡೀದು ಹೊಳಿಯೂ ತಾಟಿಗೂ ಹಚ್ಚೀನಿ. ನನ್ನ ಮಗನ ಗಾಡಿ ಇಡೀ ಓಣ್ಯಾಗ ಹೊಳೀತಿತ್ತು."

ನಾನು ಹೇಳಿದೆ. ಆ ತಾಟೇ ಬ್ರೇಕ್ ಎಂದು, ಎಣ್ಣೆ ತಾಗಿದರೆ ಅದು ಜಾರುತ್ತದೆ ಎಂದು, ಇಳಿಜಾರಿನಲ್ಲಿ ಅದಕ್ಕೇ ಹಿಡಿಯಲಿಲ್ಲ ಎಂದು. ಎಷ್ಟು ಮೆಲ್ಲಗೆ ಹೇಳಬಹುದೋ ಅಷ್ಟು ಮೆಲ್ಲಗೆ ಹೇಳಿದೆ. ಪ್ಯಾಡನ್ನು ಕಾಗದದ ಸಮೇತ ಅವಳ ಮುಂದಿಟ್ಟೆ. ಅವ್ವ ಅದನ್ನು ಎತ್ತಿ ಮೂಸಿದಳು. ಪ್ಯಾಡು ಅವಳ ಕೈ ಜಾರಿ ಮೊರದೊಳಗೆ, ಜೋಳದ ಮೇಲೆ ಬಿತ್ತು. ಅವಳು ಅಳುತ್ತಾಳೆ ಎಂದುಕೊಂಡೆ. ಹಿಡಿದುಕೊಳ್ಳಲು ಮುಂದೆ ಬಾಗಿದೆ.

ಅವ್ವ ಬಾಗಿಲ ಕಡೆ ನೋಡಿದಳು.

"ಎಣ್ಣಿ ಹಚ್ಚಿದ್ದು ನಾನು. ಒರಸೂದು ಯಾರ ಕೆಲಸ? ಕುಡುಗೋಲಿಗೆ ಎಣ್ಣಿ ಹಚ್ಚಿ, ಬೂದೀಲೆ ಒರಸಲಾರದ ಹೊಲಕ್ಕ ಯಾರರ ಒಯ್ತಾರೇನು? ಹೇಣ್ತಿ ಆದಾಕಿ ಒರಸಿ ಕಳಸಬೇಕಿತ್ತು. ಸೀರಿ ಉಟಗೊಂಡು ಹತ್ತಿ ಕುಂತ್ಲು."

"ಒರಸು ಅಂತ ಹೇಳಿದ್ರೇನ್ರಿ ಅತ್ತಿ?"

"ಹೇಳಿ ಮಾಡಿಸಿಕೊಳ್ಳೂ ಕೆಲಸೇನು ಅದು?"

ಸೊಸೆ ನಕ್ಕಳು. ಸಣ್ಣಗೆ, ಮೂಗಿನಲ್ಲಿ. ಅಂಥ ನಗು ನಾನು ಮತ್ತೆ ಎಲ್ಲೂ ಕೇಳಿಲ್ಲ. "ಬಾವಾರ," ಎಂದಳು, "ಗೊತ್ತಾತ್ರಿ. ಇನ್ನ ಹೊಸಾ ಪ್ಯಾಡ್ ಹಾಕ್ರಿ. ಗಾಡಿ ನಾ ಒಯ್ತೀನಿ."

ಅವ್ವ ಮೊರದಿಂದ ಪ್ಯಾಡನ್ನು ತೆಗೆದು ನೆಲಕ್ಕಿಟ್ಟು, ಅದು ತಾಗಿದ್ದ ಜೋಳವನ್ನು ಹಿಡಿಯಷ್ಟು ಎತ್ತಿ ಬದಿಗೆ ಹಾಕಿ, ಉಳಿದದ್ದನ್ನು ಕೇರತೊಡಗಿದಳು.

ಮುಂದಿನ ಕೆಲಸ ನನ್ನ ಕೈಗೆ ರೂಢಿಯಾದದ್ದು. ಡಿಸ್ಕನ್ನು ಬಿಚ್ಚಿ ಎರಡೂ ಮೈ ತೊಳೆದೆ, ಉಸುಕು ಕಾಗದದಿಂದ ಅಡ್ಡಡ್ಡವಾಗಿ ತಿಕ್ಕಿ ಹೊಳಪು ಹೋಗುವಂತೆ ಮಾಡಿದೆ, ಮತ್ತೆ ತೊಳೆದೆ. ಒಂದೊಂದು ತೂತಿನಲ್ಲೂ ಬಿಳಿ ಬಟ್ಟೆಯ ಬತ್ತಿ ತೂರಿಸಿ ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಎಳೆದೆ. ಕ್ಯಾಲಿಪರಿನ ಒಳಮೈ ಒರೆಸಿದೆ. ಹೊಸ ಪ್ಯಾಡು ಕೂರಿಸಿ ಲಿವರ್ ಒತ್ತಿದೆ. ಹೊಸ ಪ್ಯಾಡು ಒಮ್ಮೆಗೇ ಹಿಡಿಯುವುದಿಲ್ಲ. ಅದು ಡಿಸ್ಕಿನ ಮೈಗೆ ಒಗ್ಗಬೇಕು. ಜೈಲಿನ ಹಿಂದಿನ ರಸ್ತೆಯಲ್ಲಿ ನಡುವೇಗದಿಂದ ಮೆಲ್ಲಗೆ ಒತ್ತಿ ವೇಗ ಇಳಿಸುವುದು, ಪೂರ್ತಿ ನಿಲ್ಲಿಸದೆ ಬಿಡುವುದು, ತಣ್ಣಗಾಗಲು ಬಿಟ್ಟು ಮತ್ತೆ ಒತ್ತುವುದು, ಹೀಗೆ ಮಾಡುತ್ತ ಹೋದೆ. ಮೊದಲು ಸಪ್ಪೆಯಾಗಿತ್ತು. ಆಮೇಲೆ ಕಚ್ಚತೊಡಗಿತು. ಬಿಸಿಯಾದ ಮೇಲೂ ಸಡಿಲಾಗಲಿಲ್ಲ. ಎರಡೇ ಬೆರಳು ಇಟ್ಟರೆ ಸಾಕು, ನನ್ನ ಮೈ ಮುಂದಕ್ಕೆ ಹೋಗುತ್ತಿತ್ತು.

ದೀಪಾವಳಿ ಕಳೆದು, ಅವಳ ಪ್ಲಾಸ್ಟರ್ ಬಿಚ್ಚಿದ ಮೇಲೆ ಕೊನೆಯ ಪರೀಕ್ಷೆ ಆಯಿತು. ಎಲ್ಲಿ ಎಂದು ಅವಳೇ ಹೇಳಿದಳು. ನನ್ನ ಹಿಂದೆ, ಅಂದು ಕೂತಂತೆಯೇ ಒಂದು ಬದಿಗೆ ಕಾಲು ಹಾಕಿ ಕೂತಳು. ವಿಮಾನ ನಗರದ ಕಡೆಯ ಆ ಇಳಿಜಾರಿನಲ್ಲಿ ಈ ಸಲವೂ ವಾಹನಗಳಿದ್ದವು. ಟ್ಯಾಂಕರ್ ಇರಲಿಲ್ಲ.

"ಇಲ್ಲೆ ಹಿಡೀರಿ," ಎಂದಳು.

ಒತ್ತಿದೆ. ಗಾಡಿ ನಿಂತಿತು. ಹಿಂದಿನಿಂದ ಹಾರ್ನ್ ಕೇಳಿತು. ಅವಳು ಇಳಿದು ಮುಂದೆ ನಡೆದು, ನಾವು ನಿಂತ ಜಾಗಕ್ಕೂ ರಸ್ತೆಯ ಬದಿಯ ಕಂಬಕ್ಕೂ ನಡುವೆ ಉಳಿದ ನೆಲವನ್ನು ನೋಡಿದಳು. ಟ್ಯಾಂಕರ್ ನಿಂತಿದ್ದು ಆ ಕಂಬದ ಹತ್ತಿರ.

"ಇಷ್ಟು ಹಿಡಿದಿದ್ರ ಸಾಕಿತ್ತು," ಎಂದಳು.

ಮದುವೆಗೆ ಮೊದಲು ಅಪ್ಪನ ಗಾಡಿ ಓಡಿಸಿ ಅವಳಿಗೆ ಗೊತ್ತಿತ್ತು. ಅಲ್ಲಿಂದ ಗ್ಯಾರೇಜಿನವರೆಗೆ ಅವಳೇ ಓಡಿಸಿದಳು, ನಾನು ಹಿಂದೆ ಕೂತೆ. ಅವಳು ತವರಿಗೆ ಹೋಗಲೇ ಇಲ್ಲ. ಹಿಂಜವಾಡಿಯ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಕೆಲಸ ಹಿಡಿದು ಅಲ್ಲೇ ಹತ್ತಿರ ರೂಮು ಮಾಡಿದಳು. ಪ್ಯಾಡು ನೋಡಿಸಲು ಆಗಾಗ ಗಾಡಿ ತರುತ್ತಾಳೆ. ಸ್ಟೂಲಿನ ಮೇಲೆ ಕೂರುವುದಿಲ್ಲ, ನಿಂತೇ ಇರುತ್ತಾಳೆ.

ಅವ್ವನನ್ನು ನಾನು ಗ್ಯಾರೇಜಿನ ಹಿಂದಿನ ನನ್ನ ಮನೆಗೆ ಕರೆದುಕೊಂಡು ಬಂದೆ. ಕುಸುಬಿ ಎಣ್ಣೆಯ ಡಬ್ಬಿಯನ್ನು ಅವಳು ಆ ಮನೆಯಲ್ಲೇ ಬಿಟ್ಟು ಬಂದಳು. ಈಗ ಪ್ಯಾಕೆಟ್ ಎಣ್ಣೆಯಲ್ಲಿ ಅಡುಗೆ ಮಾಡುತ್ತಾಳೆ, ಅದು ರುಚಿಯಿಲ್ಲ ಎಂದು ದಿನವೂ ಬೈಯುತ್ತಾಳೆ. ಈ ವರ್ಷದ ಖಂಡೇನವಮಿಗೆ ನನ್ನ ಪಾನೆಗಳ ಹತ್ತಿರ ಬರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೊರಗೆ ಸೊಸೆಯ ಗಾಡಿಯ ಸದ್ದು ಕೇಳಿದಾಗ ಎದ್ದು ಕೂತು, ಬಾಗಿಲವರೆಗೆ ಬಂದು, ಅಲ್ಲಿಂದಲೇ ತಿರುಗಿ ಹೋದಳು.

ತಪ್ಪಾಯಿತು ಎಂದು ಅವ್ವ ಅವಳಿಗೆ ಇನ್ನೂ ಹೇಳಿಲ್ಲ. ನಾನೂ ಹೇಳಿಲ್ಲ.